ಇಂಪ್ಲಾಂಟ್ ಸುತ್ತ ಒಸಡಿನ ಗ್ರಾಫ್ಟ್: ಯಾರಿಗೆ ಬೇಕು, ಹೇಗೆ ಮಾಡಿಸಬೇಕು, ವರ್ಷಗಟ್ಟಲೆ ಹೇಗೆ ಉಳಿಸಿಕೊಳ್ಳಬೇಕು

ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಇಂಪ್ಲಾಂಟ್ ಹಾಕಿಸುವಾಗ ಎಲ್ಲರ ಗಮನವೂ ಮೂಳೆಯ ಮೇಲೆ. ಸ್ಕ್ರೂ ಗಟ್ಟಿ ಕೂತಿತಾ, ಎಕ್ಸ್‌ರೇ ಚೆನ್ನಾಗಿದೆಯಾ, ಕ್ಯಾಪ್ ಯಾವಾಗ, ಇಷ್ಟೇ ಮಾತು. ಒಸಡಿನ ಸುದ್ದಿ ಬರುವುದು ತಡವಾಗಿ. ಬ್ರಷ್ ತಾಗಿದರೆ ಚುರ್ ಅನ್ನುತ್ತದೆ, ಅಥವಾ ನಗುವಾಗ ಕ್ಯಾಪ್‌ನ ಬುಡದಲ್ಲಿ ಬೂದು ಗೆರೆಯೊಂದು ಕಾಣಿಸುತ್ತದೆ. ಡಾಕ್ಟರ್ ಹತ್ತಿರ ಹೋದರೆ "ಇಲ್ಲಿಗೊಂದು ಗ್ರಾಫ್ಟ್ ಮಾಡೋಣ, ಅಂಗುಳದಿಂದ ಸ್ವಲ್ಪ ತೆಗೆದು ಹಾಕ್ತೀವಿ" ಅನ್ನುತ್ತಾರೆ. ಅಂಗುಳ ಅಂದ ಕೂಡಲೇ ಕೆಲವರು ಹೆದರಿ ಎದ್ದು ಬರುತ್ತಾರೆ, ಇನ್ನು ಕೆಲವರು ಏನೂ ಕೇಳದೆ ತಲೆಯಾಡಿಸಿ ಮಾಡಿಸಿಕೊಂಡುಬಿಡುತ್ತಾರೆ. ಎರಡೂ ಬೇಡ.

ಗ್ರಾಫ್ಟ್ ಅಂದರೆ ಒಂದೇ ಕೆಲಸ ಅಲ್ಲ. ಗಟ್ಟಿ ಒಸಡಿನ ಅಗಲ ಹೆಚ್ಚಿಸುವುದು ಒಂದು, ಇರುವ ಒಸಡನ್ನು ದಪ್ಪ ಮಾಡುವುದು ಇನ್ನೊಂದು. ಕಾರಣ ಬೇರೆ, ವಿಧಾನ ಬೇರೆ, ಗಾಯ ಮಾಯುವ ರೀತಿಯೂ ಬೇರೆ. ನಿಮಗೆ ಬೇಕಾಗಿರುವುದು ಯಾವುದು ಅಂತ ತಿಳಿದರೆ ಅರ್ಧ ಗೊಂದಲ ಮುಗಿಯಿತು. ಇನ್ನರ್ಧ, ಅದು ಹತ್ತು ವರ್ಷ ನಿಲ್ಲುತ್ತದಾ ಅನ್ನೋದು. ಅದಕ್ಕೆ ಉತ್ತರ ಆಪರೇಷನ್ ಟೇಬಲ್ ಮೇಲೆ ಸಿಗುವುದು ಸ್ವಲ್ಪ ಮಾತ್ರ. ಇಂಪ್ಲಾಂಟ್ ಎಲ್ಲಿ ಕೂತಿದೆ, ಕ್ಯಾಪ್‌ನ ಆಕಾರ ಹೇಗಿದೆ, ನೀವು ದಿನಾ ಅಲ್ಲಿ ಬ್ರಷ್ ಆಡಿಸುತ್ತೀರಾ ಇಲ್ಲವಾ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹಲ್ಲಿನ ಒಸಡೂ ಇಂಪ್ಲಾಂಟ್ ಒಸಡೂ ಒಂದೇ ಅಲ್ಲ

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ. ಸಹಜ ಹಲ್ಲಿನ ಬೇರಿನ ಮೇಲೆ ಸಿಮೆಂಟಮ್ ಅನ್ನುವ ತೆಳು ಪದರ ಇದೆ. ಒಸಡಿನ ನಾರುಗಳು ಅದರೊಳಗೇ ಹೊಕ್ಕು ಅಡ್ಡಡ್ಡಲಾಗಿ ಹಿಡಿದಿರುತ್ತವೆ. ಇಂಪ್ಲಾಂಟ್ ಮೇಲೆ ಆ ಪದರ ಇಲ್ಲ, ಹಾಗಾಗಿ ನಾರುಗಳು ಅದರ ಒಳಗೆ ಹೋಗಲಾರವು. ಅದರ ಉದ್ದಕ್ಕೂ ಸುತ್ತಲೂ ಹಾದು ಸುಮ್ನೆ ಒತ್ತಿಕೊಂಡು ನಿಲ್ಲುತ್ತವೆ. ರಕ್ತ ಪೂರೈಕೆಯೂ ಕಡಿಮೆ. ಹಲ್ಲಿಗೆ ಬೇರಿನ ಸುತ್ತಲಿನ ಪೊರೆಯಿಂದಲೂ ರಕ್ತ ಬರುತ್ತದೆ, ಇಂಪ್ಲಾಂಟ್‌ಗೆ ಆ ಪೊರೆಯೇ ಇಲ್ಲ. ಗಾಯ ಮಾಯ್ದ ಮೇಲಿನ ಕಲೆಯ ಚರ್ಮಕ್ಕೆ ಹತ್ತಿರದ ಅಂಗಾಂಶ ಅದು. ಆದ್ದರಿಂದ ಪಾಚಿ (ಪ್ಲಾಕ್, ಅಂದರೆ ಹಲ್ಲಿನ ಮೇಲೆ ಕೂರುವ ಬ್ಯಾಕ್ಟೀರಿಯಾ ಪದರ) ಕಟ್ಟಿಕೊಂಡರೆ ಉರಿಯೂತ ಬೇಗ ಒಳಗಿಳಿಯುತ್ತದೆ, ಒಸಡು ಒಮ್ಮೆ ಇಳಿದರೆ ಮತ್ತೆ ಮೇಲೇರಿಸುವುದೂ ಹಲ್ಲಿಗಿಂತ ಕಷ್ಟ.

ಇನ್ನೊಂದು ಸಂಗತಿ, ಎತ್ತರದ್ದು. ಇಂಪ್ಲಾಂಟ್ ಸುತ್ತ ಮೂಳೆಯಿಂದ ಒಸಡಿನ ಅಂಚಿನವರೆಗೆ ದೇಹಕ್ಕೆ ಸುಮಾರು 3ರಿಂದ 4 ಮಿಲಿಮೀಟರ್ ಮೆತ್ತಗಿನ ಅಂಗಾಂಶ ಬೇಕು. ಅಷ್ಟು ಇಲ್ಲದಿದ್ದರೆ ಮೂಳೆಯೇ ಕೆಳಗೆ ಸರಿದು ಜಾಗ ಬಿಟ್ಟುಕೊಡುತ್ತದೆ. 1996ರಲ್ಲಿ ಬರ್ಗ್‌ಲುಂಡ್ ಮತ್ತು ಲಿಂಡ್ ಪ್ರಾಣಿಗಳ ಮೇಲೆ ಇದನ್ನು ತೋರಿಸಿದರು. 2009ರಲ್ಲಿ ಲಿಂಕೆವಿಚ್ಯುಸ್ ತಂಡ ಮನುಷ್ಯರಲ್ಲೂ ಇದೇ ಕಂಡಿತು: ಇಂಪ್ಲಾಂಟ್ ಹಾಕುವ ಹೊತ್ತಿಗೆ ಒಸಡು 2 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿದ್ದ ಕಡೆ ಮೊದಲ ವರ್ಷದಲ್ಲೇ ಮೂಳೆ ಜಾಸ್ತಿ ಇಳಿದಿತ್ತು. ಅಂದರೆ ಒಸಡಿನ ದಪ್ಪ ಬರೀ ಅಂದದ ವಿಷಯ ಅಲ್ಲ.

ಕನ್ನಡಿ ಮುಂದೆ ನೀವೇ ನೋಡಿಕೊಳ್ಳಿ

ಕೈ ತೊಳೆದುಕೊಂಡು, ಚೆನ್ನಾಗಿ ಬೆಳಕಿರುವ ಕಡೆ ಕನ್ನಡಿ ಮುಂದೆ ನಿಲ್ಲಿ. ಇಂಪ್ಲಾಂಟ್ ಇರುವ ಜಾಗದಲ್ಲಿ ತುಟಿ ಅಥವಾ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಆಚೆ ಎಳೆಯಿರಿ. ಎರಡು ಬಣ್ಣ ಕಾಣುತ್ತದೆ. ಹಲ್ಲಿಗೆ ಅಂಟಿದಂತಿರುವ ಭಾಗ ತಿಳಿ ಗುಲಾಬಿ, ಹೊಳಪಿಲ್ಲದ್ದು, ಕೆಲವರಲ್ಲಿ ಕಂದು ಛಾಯೆಯೂ ಇರುತ್ತದೆ, ಎಳೆದರೂ ಕದಲುವುದಿಲ್ಲ. ಅದರ ಆಚೆಗೆ ಕೆಂಪಗೆ, ನುಣ್ಣಗೆ, ಒಳಗಿನ ಸಣ್ಣ ರಕ್ತನಾಳ ಕಾಣುವಂಥ ಚರ್ಮ, ಎಳೆದಂತೆಲ್ಲ ಬರುತ್ತದೆ. ಈ ಎರಡರ ಮಧ್ಯದ ಗೆರೆಯೇ ಮುಖ್ಯ. ಗೆರೆ ಸರಿಯಾಗಿ ಕಾಣದಿದ್ದರೆ ಬೆರಳ ತುದಿಯಿಂದ ಆ ಸಡಿಲ ಚರ್ಮವನ್ನು ಕ್ಯಾಪ್‌ನ ಕಡೆಗೆ ಮೆಲ್ಲಗೆ ತಳ್ಳಿ: ಅದು ಮಡಿಕೆ ಬಿದ್ದು ಬರುತ್ತದೆ, ಗಟ್ಟಿ ಒಸಡು ಶುರುವಾಗುವಲ್ಲಿ ನಿಂತುಬಿಡುತ್ತದೆ. ಡಾಕ್ಟರ್‌ಗಳೂ ಕ್ಲಿನಿಕ್‌ನಲ್ಲಿ ಮಾಡುವುದು ಇದನ್ನೇ, ಬೆರಳಿನ ಬದಲು ಪ್ರೋಬ್ ಅನ್ನುವ, ಅಳತೆ ಗುರುತಿರುವ ಸಣ್ಣ ಕಡ್ಡಿ ಇರುತ್ತದೆ ಅಷ್ಟೇ.

ಗೆರೆಯಿಂದ ಕ್ಯಾಪ್‌ನ ಅಂಚಿನವರೆಗೆ ಗಟ್ಟಿ ಒಸಡು 2 ಮಿಲಿಮೀಟರ್ ಇದೆಯಾ? ಇಲ್ಲಿಂದ ಮುಂದೆ ಅದನ್ನು ಪಟ್ಟಿ ಅನ್ನೋಣ. ಕೆನ್ನೆ ಎಳೆದಾಗ ಕ್ಯಾಪ್‌ನ ಸುತ್ತಲಿನ ಅಂಚೇ ಅಲ್ಲಾಡಿದರೆ, ಅಥವಾ ಬಾಯಿ ತೆರೆದಂತೆ ಅದು ತೆರೆದು ಮುಚ್ಚಿಕೊಂಡರೆ, ಪಟ್ಟಿ ಇಲ್ಲ ಅಂತಲೇ ಲೆಕ್ಕ. ಕೆಳದವಡೆಯ ಹಿಂಭಾಗದಲ್ಲಿ ಇದು ಸಾಮಾನ್ಯ. ಹಲ್ಲು ಹೋಗಿ ತುಂಬಾ ದಿನ ಆದವರಲ್ಲಿ ಮೂಳೆ ಇಳಿದಂತೆ ಗಟ್ಟಿ ಒಸಡೂ ಕಿರಿದಾಗುತ್ತಾ ಹೋಗಿರುತ್ತದೆ.

ದಪ್ಪವನ್ನು ನೀವು ಅಳೆಯಲಾರಿರಿ. ಡಾಕ್ಟರ್ ಪ್ರೋಬ್ ಅನ್ನು ಒಸಡಿನ ಒಳಗಿಟ್ಟಾಗ ಅದು ಹೊರಗಿನಿಂದ ಮಸುಕಾಗಿ ಕಂಡರೆ ತೆಳು, ಕಾಣದಿದ್ದರೆ ದಪ್ಪ. ಬರೀ ಕಣ್ಣಿಗೆ ಸಿಗುವ ಸುಳಿವು, ಒಳಗಿನ ಲೋಹ ತೋರಿ ಕಾಣುವ ಬೂದು ನೆರಳು.

ಹಾಗಾದರೆ ಎಲ್ಲರಿಗೂ ಗ್ರಾಫ್ಟ್ ಬೇಕಾ?

ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ತಜ್ಞರ ನಡುವೆಯೇ ವಾದ ಇದೆ. 2017ರಲ್ಲಿ ಶಿಕಾಗೋದಲ್ಲಿ ಅಮೆರಿಕ ಮತ್ತು ಯುರೋಪಿನ ಒಸಡು ತಜ್ಞರು ಸೇರಿ ಇಂಪ್ಲಾಂಟ್ ರೋಗಗಳ ಹೊಸ ವರ್ಗೀಕರಣ ಮಾಡಿದಾಗ, ಗಟ್ಟಿ ಪಟ್ಟಿ ಇಲ್ಲದಿದ್ದರೆ ಇಂಪ್ಲಾಂಟ್ ಹಾಳಾಗಿಯೇ ತೀರುತ್ತದೆ ಅನ್ನುವುದಕ್ಕೆ ಪುರಾವೆ ಖಚಿತವಾಗಿಲ್ಲ ಅಂದರು. ಆದರೆ ಪಟ್ಟಿ ಇದ್ದರೆ ರೋಗಿಗೆ ಹಿತ, ಸ್ವಚ್ಛ ಮಾಡುವುದು ಸುಲಭ ಅನ್ನುವುದನ್ನೂ ಒಪ್ಪಿದರು. ಇದರ ಹಿಂದಿನ ವರ್ಷ ರೊಕ್ಕುತ್ಸೊ ತಂಡ ಕೆಳದವಡೆಯ ಹಿಂಭಾಗದ ಇಂಪ್ಲಾಂಟ್‌ಗಳ 10 ವರ್ಷದ ಲೆಕ್ಕ ಕೊಟ್ಟಿತ್ತು. ಪಟ್ಟಿ ಇಲ್ಲದ ಕಡೆ ಪಾಚಿ ಜಾಸ್ತಿ, ಒಸಡು ಇಳಿದದ್ದೂ ಜಾಸ್ತಿ. ಬ್ರಷ್ ಮಾಡುವಾಗ ನೋವು ಅಂತ ಕೆಲವರಿಗೆ ಮಧ್ಯದಲ್ಲಿ ಗ್ರಾಫ್ಟ್ ಮಾಡಬೇಕಾಯಿತು.

ಈ ಕೊನೆಯ ಮಾತಿನಲ್ಲೇ ಸರಪಣಿ ಪೂರ್ತಿ ಇದೆ. ಸಡಿಲ ಚರ್ಮಕ್ಕೆ ಬ್ರಷ್ ತಾಗಿದರೆ ನೋವು. ನೋವಾದರೆ ಕೈ ತಾನಾಗಿ ಆ ಜಾಗ ತಪ್ಪಿಸುತ್ತದೆ. ಪಾಚಿ ನಿಲ್ಲುತ್ತದೆ, ಉರಿಯೂತ, ರಕ್ತ, ಕೊನೆಗೆ ಮೂಳೆ. ಗ್ರಾಫ್ಟ್ ತಾನಾಗಿ ರೋಗ ತಡೆಯುವುದಿಲ್ಲ, ನೀವು ನೋವಿಲ್ಲದೆ ಬ್ರಷ್ ಮಾಡುವ ಹಾಗೆ ಮಾಡುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ಪಟ್ಟಿ 2 ಮಿಲಿಮೀಟರ್‌ಗಿಂತ ಕಡಿಮೆ ಇದ್ದು, ಬ್ರಷ್ ಮಾಡಿದರೆ ನೋವು, ಅಥವಾ ಎಷ್ಟು ಹೇಳಿಕೊಟ್ಟರೂ ಅಲ್ಲಿ ಪಾಚಿ ನಿಲ್ಲುತ್ತಲೇ ಇದೆ, ರಕ್ತ ಬರುತ್ತಲೇ ಇದೆ ಅಂದರೆ ಮಾಡಿಸಿ. ಒಸಡಿನ ಅಂಚು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೂ ಮಾಡಿಸಿ. ಪಟ್ಟಿ ಕಿರಿದಾಗಿದ್ದರೂ ನೋವಿಲ್ಲ, ರಕ್ತ ಇಲ್ಲ, ಎಕ್ಸ್‌ರೇಯಲ್ಲಿ ಮೂಳೆ ಇದ್ದಲ್ಲೇ ಇದೆ ಅಂದರೆ ಅವಸರ ಬೇಡ, ಅಳತೆ ಬರೆದಿಟ್ಟು ಕಾಯಬಹುದು. ಮುಂಭಾಗದ ಮೇಲಿನ ಹಲ್ಲಿನ ಮಾತು ಬೇರೆ. ಅಲ್ಲಿ ಒಸಡು ತೆಳ್ಳಗಿದ್ದರೆ ಕಾಯದೆ ದಪ್ಪ ಮಾಡಿಸಿಕೊಳ್ಳುವುದೇ ಲೇಸು, ಅರ್ಧ ಮಿಲಿಮೀಟರ್ ಇಳಿದರೂ ನಗುವಾಗ ಕಾಣುವ ಜಾಗ ಅದು.

ಯಾವ ಗ್ರಾಫ್ಟ್, ಎಲ್ಲಿಂದ

ಅಗಲ ಬೇಕಾದರೆ ಫ್ರೀ ಜಿಂಜೈವಲ್ ಗ್ರಾಫ್ಟ್. ಅಂಗುಳದಿಂದ ಮೇಲ್ಚರ್ಮ ಸಮೇತ ಸುಮಾರು 1ರಿಂದ 1.5 ಮಿಲಿಮೀಟರ್ ದಪ್ಪದ ತುಂಡೊಂದನ್ನು ತೆಗೆಯುತ್ತಾರೆ. ಇಂಪ್ಲಾಂಟ್ ಬಳಿಯ ಸಡಿಲ ಚರ್ಮವನ್ನು ಬಿಡಿಸಿ ಕೆಳಗೆ ಸರಿಸಿ, ಮೂಳೆಯ ಮೇಲಿನ ಪೊರೆಯನ್ನು ಹಾಗೇ ಉಳಿಸಿ, ಅದರ ಮೇಲೆ ಈ ತುಂಡನ್ನು ಬಿಗಿಯಾಗಿ ಹೊಲಿಯುತ್ತಾರೆ. ಆ ತಳ ಅಲ್ಲಾಡಬಾರದು. ಸಡಿಲ ಸ್ನಾಯು ಎಳೆ ಉಳಿದರೆ ಗ್ರಾಫ್ಟ್ ಬದುಕಿದರೂ ಅಲ್ಲಾಡುವ ಗ್ರಾಫ್ಟ್ ಆಗುತ್ತದೆ, ಉಪಯೋಗ ಇಲ್ಲ. 1960ರ ದಶಕದಿಂದ ನಡೆದು ಬಂದ ವಿಧಾನ, ಕೆಳದವಡೆಯ ಹಿಂಭಾಗಕ್ಕೆ ಇವತ್ತಿಗೂ ಇದರಷ್ಟು ನಂಬಿಕೆಯದು ಇನ್ನೊಂದಿಲ್ಲ. ತೊಂದರೆ ಅಂದರೆ ಬಣ್ಣ. ಅಂಗುಳದ ಚರ್ಮ ಎಲ್ಲಿ ಹೋದರೂ ಅಂಗುಳದ ಗುಣವನ್ನೇ ಇಟ್ಟುಕೊಳ್ಳುತ್ತದೆ, ಒಳಗಿನ ಅಂಗಾಂಶವೇ ಮೇಲ್ಚರ್ಮ ಹೇಗಿರಬೇಕು ಅಂತ ತೀರ್ಮಾನಿಸುತ್ತದೆ ಅಂತ ಕ್ಯಾರಿಂಗ್ ತಂಡ 1970ರ ದಶಕದಲ್ಲೇ ತೋರಿಸಿತ್ತು. ಗ್ರಾಫ್ಟ್ ಗಟ್ಟಿಯಾಗಿ ಉಳಿಯುವುದೂ ಇದೇ ಕಾರಣಕ್ಕೆ, ಬಿಳಿಚಿದ ತೇಪೆಯ ಹಾಗೆ ಕಾಣುವುದೂ ಇದೇ ಕಾರಣಕ್ಕೆ. ಹಿಂದಿನ ಹಲ್ಲಿಗೆ ಯಾರು ನೋಡುತ್ತಾರೆ ಅಲ್ವಾ? ಮುಂದಿನ ಹಲ್ಲಿಗೆ ಮಾತ್ರ ಇದು ಬೇಡ.

ದಪ್ಪ ಬೇಕಾದರೆ ಕನೆಕ್ಟಿವ್ ಟಿಶ್ಯೂ ಗ್ರಾಫ್ಟ್. ಇದರಲ್ಲಿ ಅಂಗುಳದ ಮೇಲ್ಚರ್ಮ ಬಿಟ್ಟು ಒಳಗಿನ ಬಿಳಿ, ಗಟ್ಟಿ ಪದರವನ್ನಷ್ಟೇ ತೆಗೆದು, ಇಂಪ್ಲಾಂಟ್ ಮುಂದಿನ ಒಸಡಿನ ಒಳಗೆ ಜೇಬು ಮಾಡಿ ಸೇರಿಸುತ್ತಾರೆ. ಮೇಲೆ ಕಾಣುವುದು ನಿಮ್ಮದೇ ಹಳೆಯ ಒಸಡು, ಹಾಗಾಗಿ ಬಣ್ಣ ಹೊಂದುತ್ತದೆ. ರಕ್ತ ಮೇಲಿನಿಂದಲೂ ಕೆಳಗಿನಿಂದಲೂ ಸಿಗುವುದರಿಂದ ಹಿಡಿಯುವುದೂ ಸಲೀಸು. 2007ರಲ್ಲಿ ಯುಂಗ್ ತಂಡ ಮಾಡಿದ ಪ್ರಯೋಗದಲ್ಲಿ ಒಸಡು 3 ಮಿಲಿಮೀಟರ್ ದಪ್ಪ ಇದ್ದರೆ ಒಳಗೆ ಟೈಟಾನಿಯಂ ಇದ್ದರೂ ಕಣ್ಣಿಗೆ ಬಣ್ಣದ ವ್ಯತ್ಯಾಸ ಗೊತ್ತಾಗಲಿಲ್ಲ. ಅದಕ್ಕಿಂತ ತೆಳುವಾದ ಕಡೆ ಟೈಟಾನಿಯಂ ತೋರಿತು, 2 ಮಿಲಿಮೀಟರ್‌ನಲ್ಲಿ ಬಿಳಿ ಸೆರಾಮಿಕ್ ಆದ ಜಿರ್ಕೋನಿಯಾ ತೋರಲಿಲ್ಲ. ಬೂದು ನೆರಳಿನ ದೂರು ಇರುವವರು ಈ ಲೆಕ್ಕ ನೆನಪಿಡಿ: ಒಸಡು ದಪ್ಪ ಮಾಡಿಸಬಹುದು, ಅಥವಾ ಒಳಗಿನ ಅಬಟ್‌ಮೆಂಟ್ (ಇಂಪ್ಲಾಂಟ್‌ಗೂ ಕ್ಯಾಪ್‌ಗೂ ನಡುವಿನ ಕೊಂಡಿ) ಅನ್ನು ಜಿರ್ಕೋನಿಯಾಕ್ಕೆ ಬದಲಿಸಬಹುದು, ಕೆಲವೊಮ್ಮೆ ಎರಡೂ ಬೇಕಾಗುತ್ತದೆ.

ಅಂಗುಳದಲ್ಲಿ ತೆಗೆಯುವ ಜಾಗ ಸಾಮಾನ್ಯವಾಗಿ ಕೋರೆಹಲ್ಲಿನಿಂದ ಮೊದಲ ದವಡೆ ಹಲ್ಲಿನವರೆಗೆ, ಹಲ್ಲಿನ ಅಂಚಿನಿಂದ ಸುಮಾರು 2 ಮಿಲಿಮೀಟರ್ ಬಿಟ್ಟು. ಹಿಂದಿನಿಂದ ದೊಡ್ಡ ರಕ್ತನಾಳವೊಂದು ಬರುತ್ತದೆ, ಅದನ್ನು ತಪ್ಪಿಸಿ ತೆಗೆಯಬೇಕು. ಮೇಲಿನ ಕೊನೆಯ ಹಲ್ಲಿನ ಹಿಂದಿನ ಉಬ್ಬಿನಿಂದಲೂ ತೆಗೆಯುತ್ತಾರೆ. ಅದು ಒಳ್ಳೆ ಗಟ್ಟಿ ಅಂಗಾಂಶ, ನೋವೂ ಕಡಿಮೆ, ಆದರೆ ಸಿಗುವುದು ಸ್ವಲ್ಪ, ಕೆಲವರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಉಬ್ಬಿ ಆಮೇಲೆ ಕೆತ್ತಬೇಕಾಗುತ್ತದೆ.

ಅಂಗುಳ ಮುಟ್ಟಬೇಡಿ ಅನ್ನುವವರಿಗೆ ತಯಾರಿಕೆಯ ಕೊಲಾಜೆನ್ ಹಾಳೆಗಳಿವೆ. ಹೆಚ್ಚಿನವು ಹಂದಿಯಿಂದ ತೆಗೆದವು, ಇನ್ನು ಕೆಲವು ದಾನವಾಗಿ ಬಂದ ಮಾನವ ಚರ್ಮದಿಂದ ಜೀವಕೋಶ ತೆಗೆದು ಮಾಡಿದವು. ಆಗದು ಅನ್ನುವವರು ಮೊದಲೇ ಕೇಳಿ, ಡಾಕ್ಟರ್ ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ. ಎರಡನೇ ಗಾಯ ಇಲ್ಲ, ನೋವು ಕಡಿಮೆ, ಬಣ್ಣವೂ ಚೆನ್ನಾಗಿ ಹೊಂದುತ್ತದೆ. ಆದರೆ ಅಗಲಕ್ಕಾಗಿ ಬಳಸಿದಾಗ ಸ್ವಂತ ಅಂಗಾಂಶಕ್ಕಿಂತ ಜಾಸ್ತಿ ಕುಗ್ಗುತ್ತವೆ. ದಪ್ಪಕ್ಕೆ ಮಾಡಿದ ಗಟ್ಟಿ ಬಗೆಯ ಕೊಲಾಜೆನ್ ಸ್ವಂತದ್ದಕ್ಕೆ ಹತ್ತಿರ ಬರುತ್ತದೆ. ಸುತ್ತ ಒಂದಿಷ್ಟಾದರೂ ಗಟ್ಟಿ ಒಸಡು ಇದ್ದರೆ ಇವನ್ನು ನೋಡಬಹುದು. ಏನೂ ಇಲ್ಲದ ಕಡೆ ಅಂಗುಳವೇ ಸರಿ.

ಯಾವಾಗ

ಎಷ್ಟು ಬೇಗ ಅಷ್ಟು ಒಳ್ಳೆಯದು. ಇಂಪ್ಲಾಂಟ್ ಹಾಕುವ ಮೊದಲು, ಹಾಕುವಾಗ, ಅಥವಾ ಮೂಳೆ ಹಿಡಿದ ಮೇಲೆ ಒಸಡು ತೆರೆದು, ಅದು ಮಾಯುವವರೆಗೆ ಇರುವ ತಾತ್ಕಾಲಿಕ ಹೀಲಿಂಗ್ ಕ್ಯಾಪ್ ಕೂರಿಸುವಾಗ, ಈ ಮೂರೂ ಒಳ್ಳೆ ಸಮಯ. ಇನ್ನೂ ಇಂಪ್ಲಾಂಟ್ ಹಾಕಿಸದವರು ಈಗಲೇ "ನನ್ನ ಒಸಡಿನ ಅಗಲ ಎಷ್ಟು, ದಪ್ಪ ಎಷ್ಟು" ಅಂತ ಕೇಳಿಬಿಡಿ. ಕ್ಯಾಪ್ ಹಾಕಿ ಆದ ಮೇಲೆ ಮಾಡಲು ಬರುವುದಿಲ್ಲ ಅಂತಲ್ಲ, ಕಷ್ಟ ಜಾಸ್ತಿ. ಕ್ಯಾಪ್‌ಗೆ ರಕ್ತನಾಳ ಇಲ್ಲ. ಅದರ ಮೇಲೆ ಮಲಗಿದ ಗ್ರಾಫ್ಟ್‌ನ ಭಾಗಕ್ಕೆ ತಳದಿಂದ ಆಹಾರ ಸಿಗುವುದಿಲ್ಲ. ಸ್ಕ್ರೂ ಮಾದರಿಯ ಕ್ಯಾಪ್ ಆದರೆ ಬಿಚ್ಚಿ ಇಟ್ಟು ಮಾಡಬಹುದು, ಸಿಮೆಂಟ್ ಹಾಕಿ ಅಂಟಿಸಿದ್ದಾದರೆ ಕೆಲವೊಮ್ಮೆ ಕತ್ತರಿಸಬೇಕಾಗುತ್ತದೆ.

ಮಾಡಿಸುವ ಮೊದಲು

ಉರಿಯೂತ ಇರುವ ಒಸಡಿನ ಮೇಲೆ ಗ್ರಾಫ್ಟ್ ಮಾಡಿಸಬೇಡಿ. ಮೊದಲು ಸ್ವಚ್ಛ ಮಾಡಿಸಿ, ರಕ್ತ ನಿಲ್ಲಲಿ, ಆಮೇಲೆ ಮತ್ತೆ ನೋಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಅದನ್ನು ಬರೆದುಕೊಟ್ಟ ಡಾಕ್ಟರ್ ತೀರ್ಮಾನಿಸಲಿ. ಸಿಗರೇಟು ಸೇದುವವರಿಗೆ ನೇರವಾಗಿ ಹೇಳುತ್ತೇನೆ, ಸಣ್ಣ ರಕ್ತನಾಳಗಳು ಹುಟ್ಟಿದರೆ ಮಾತ್ರ ಈ ತುಂಡು ಬದುಕುತ್ತದೆ, ನಿಕೋಟಿನ್ ಅವನ್ನೇ ಬಿಗಿಯುತ್ತದೆ. ಬಿಡಲು ಆಗುವುದಿಲ್ಲ ಅಂದರೆ ಗ್ರಾಫ್ಟ್ ಮುಂದಕ್ಕೆ ಹಾಕಿ.

ಡಾಕ್ಟರ್ ಹತ್ತಿರ ಕೇಳಲೇಬೇಕಾದ ಪ್ರಶ್ನೆ, ಇಂಪ್ಲಾಂಟ್ ಸರಿಯಾದ ಜಾಗದಲ್ಲಿದೆಯಾ ಅನ್ನೋದು. ಕೇಳಲು ಮುಜುಗರ, ಹಾಕಿದವರೇ ಎದುರಿಗಿದ್ದರಂತೂ ಇನ್ನೂ ಮುಜುಗರ. ಆದರೂ ಕೇಳಿ. ಇಂಪ್ಲಾಂಟ್ ತುಟಿಯ ಕಡೆಗೆ ಸರಿದು ಕೂತಿದ್ದರೆ ಅದರ ಮುಂದೆ ಮೂಳೆ ತೆಳುವಾಗಿರುತ್ತದೆ, ಒಸಡಿಗೆ ಆಸರೆಯೇ ಇರುವುದಿಲ್ಲ. ಆಗ ಗ್ರಾಫ್ಟ್ ಮಾಡಿದರೂ ಕೆಲವು ತಿಂಗಳಿಗೆ ಅಂಚು ಮತ್ತೆ ಇಳಿಯಬಹುದು. ಸ್ವಲ್ಪ ಸರಿದಿದ್ದರೆ ಕ್ಯಾಪ್‌ನ ಆಕಾರ ತಿದ್ದಿ ನಿಭಾಯಿಸಬಹುದು, ತೀರಾ ಸರಿದಿದ್ದರೆ ಇಂಪ್ಲಾಂಟ್ ತೆಗೆದು ಬೇರೆ ಹಾಕುವುದೇ ಮೇಲು ಅನ್ನುವ ಪ್ರಸಂಗಗಳೂ ಇವೆ. ಬೇರೊಬ್ಬರ ಅಭಿಪ್ರಾಯ ಕೇಳುವುದರಲ್ಲಿ ತಪ್ಪೇನಿಲ್ಲ. ಅಂಗುಳಕ್ಕೆ ಮುಚ್ಚಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಮಾಡಿಕೊಡುತ್ತೀರಾ ಅಂತಲೂ ಕೇಳಿ. ಅಳತೆ ಮೊದಲೇ ತೆಗೆಯಬೇಕು, ಮಾಡಿಸಿಕೊಂಡವರಿಗೆ ಊಟದ ಹೊತ್ತಿನ ಉರಿ ಬಹಳ ಕಡಿಮೆ.

ಆ ದಿನ ಮತ್ತು ಮುಂದಿನ ಎರಡು ವಾರ

ಆಪರೇಷನ್ ಮರಗಟ್ಟಿಸುವ ಇಂಜೆಕ್ಷನ್‌ನಲ್ಲೇ ಮುಗಿಯುತ್ತದೆ. ನೋವು ಗ್ರಾಫ್ಟ್ ಇಟ್ಟ ಕಡೆಗಿಂತ ಅಂಗುಳದಲ್ಲೇ ಜಾಸ್ತಿ. ಮೇಲ್ಚರ್ಮ ಸಮೇತ ತೆಗೆದಿದ್ದರೆ ಅಂಗುಳ ತೆರೆದ ಗಾಯ, ಮುಚ್ಚಿಕೊಳ್ಳಲು 2ರಿಂದ 4 ವಾರ; ಒಳಪದರ ಮಾತ್ರ ತೆಗೆದು ಮೇಲೆ ಹೊಲಿದಿದ್ದರೆ ಅದಕ್ಕಿಂತ ಬೇಗ.

ಗ್ರಾಫ್ಟ್‌ನ ಒಳಗೆ ಏನಾಗುತ್ತದೆ ಅಂತ ತಿಳಿದರೆ ಪಥ್ಯ ಪಾಲಿಸುವುದು ಸುಲಭ. ಮೊದಲ ಎರಡು ಮೂರು ದಿನ ಅದಕ್ಕೆ ಸ್ವಂತ ರಕ್ತನಾಳ ಇಲ್ಲ, ತಳದಿಂದ ಒಸರುವ ದ್ರವವನ್ನು ಹೀರಿಕೊಂಡೇ ಬದುಕುತ್ತದೆ. ಆಮೇಲೆ ತಳದ ಸಣ್ಣ ನಾಳಗಳು ಒಳಗೆ ಬೆಳೆಯಲು ಶುರು. ಸುಮಾರು ಹತ್ತು ದಿನದ ಹೊತ್ತಿಗೆ ರಕ್ತ ಸಂಚಾರ ಒಂದು ಹದಕ್ಕೆ ಬರುತ್ತದೆ. ನಾಟಿ ಮಾಡಿದ ಸಸಿಯನ್ನು ಬೇರು ಹಿಡಿಯಿತಾ ಅಂತ ಕಿತ್ತು ನೋಡುವವರ ಹಾಗೆ, ದಿನಕ್ಕೆ ಹತ್ತು ಸಲ ತುಟಿ ಎತ್ತಿ ಕನ್ನಡಿ ನೋಡುವವರೇ ಗ್ರಾಫ್ಟ್ ಹಾಳು ಮಾಡಿಕೊಳ್ಳುವುದು. ತುಟಿ ಎಳೆದಾಗ ಹೊಲಿಗೆಯ ಕೆಳಗೆ ತುಂಡು ಕೂದಲೆಳೆಯಷ್ಟು ಸರಿದರೂ ಹೊಸ ನಾಳ ಹರಿದುಹೋಗುತ್ತದೆ. ನೋಡಬೇಡಿ.

ನೋಡಿಯೇ ನೋಡುತ್ತೀರಿ, ಹಾಗಾಗಿ ಏನು ಕಾಣುತ್ತದೆ ಅಂತಲೂ ಹೇಳಿಬಿಡುತ್ತೇನೆ. ಮೊದಲು ತುಂಡು ಬಿಳಿಚಿಕೊಂಡಿರುತ್ತದೆ. ಆಮೇಲೆ ಮೇಲೆ ಬೂದು ಬಿಳಿಯ, ನೆನೆದ ಕಾಗದದಂಥ ಪೊರೆ ಕಾಣುತ್ತದೆ, ಎಳೆ ಎಳೆಯಾಗಿ ಸುಲಿಯುತ್ತದೆ. ಕೊಳೆಯಿತು ಅಂತ ಹೆದರಿ ಫೋನ್ ಮಾಡುವುದು ಈ ಹಂತದಲ್ಲೇ. ಸಾಯುವುದು ಮೇಲ್ಪದರ ಮಾತ್ರ, ಅದರ ಕೆಳಗೆ ಕೆಂಪಗೆ ಹೊಸತು ಬರುತ್ತಿರುತ್ತದೆ. ಪೊರೆಯನ್ನು ಹತ್ತಿಯಿಂದ ಉಜ್ಜಿ ತೆಗೆಯಲು ಹೋಗಬೇಡಿ. ಆದರೆ ತುಂಡು ಪೂರ್ತಿ ಅಲ್ಲಾಡುತ್ತಿದ್ದರೆ, ಕಪ್ಪಗಾಗಿದ್ದರೆ, ಕೀವು ಬಂದರೆ, ಮೂರನೇ ದಿನದ ಮೇಲೂ ಊತ ಏರುತ್ತಲೇ ಇದ್ದರೆ, ಜ್ವರ ಬಂದರೆ ತಡ ಮಾಡದೆ ಹೋಗಿ ತೋರಿಸಿ.

ಅಂಗುಳದಿಂದ ರಕ್ತ ಬಂದರೆ ಬಾಯಿ ಮುಕ್ಕಳಿಸಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ, ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಹರಿಯುತ್ತದೆ. ಕುಳಿತುಕೊಳ್ಳಿ, ಸ್ವಚ್ಛ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಮಡಿಸಿ, ಗಾಯದ ಮೇಲಿಟ್ಟು ಹೆಬ್ಬೆರಳಿನಿಂದ 15ರಿಂದ 20 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಹಾಗೂ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೊರಡಿ.

ಉಳಿದ ಪಥ್ಯ ಸುಲಭ. ಮೆತ್ತಗಿನ, ತಣ್ಣಗಿನ ಊಟ, ಇನ್ನೊಂದು ಬದಿಯಲ್ಲಿ ಅಗಿಯಿರಿ. ಸ್ಟ್ರಾ ಬೇಡ. ಮೊದಲ ಕೆಲವು ದಿನ ಭಾರ ಎತ್ತುವುದು, ವ್ಯಾಯಾಮ ಬೇಡ. ಆ ಜಾಗಕ್ಕೆ ಬ್ರಷ್ ಮುಟ್ಟಿಸದೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅನ್ನು ಬಾಯಲ್ಲಿಟ್ಟು ತಲೆ ಅತ್ತಿತ್ತ ವಾಲಿಸಿ, ಆಮೇಲೆ ಬಾಯಿಂದ ತಾನಾಗಿ ಹೊರಗೆ ಬೀಳಲು ಬಿಡಿ; ಗುಳುಗುಳು ಮಾಡಬೇಡಿ, ಜೋರಾಗಿ ಉಗುಳಬೇಡಿ. ಹಲ್ಲಿನ ಮೇಲೆ ಕಂದು ಕಲೆ ಬಂದರೆ ಗಾಬರಿ ಬೇಡ, ಸ್ವಚ್ಛ ಮಾಡಿಸಿದಾಗ ಹೋಗುತ್ತದೆ. ಹೊಲಿಗೆ ತೆಗೆಯುವುದು 10ರಿಂದ 14 ದಿನಕ್ಕೆ. ಬ್ರಷ್ ಯಾವಾಗ ಶುರು ಅಂತ ಅವತ್ತೇ ಕೇಳಿಕೊಂಡು ಬನ್ನಿ. ಸಾಮಾನ್ಯವಾಗಿ 2ರಿಂದ 3 ವಾರಕ್ಕೆ, ಅತಿ ಮೃದು ಬ್ರಷ್‌ನಲ್ಲಿ. ಹೆದರಿಕೊಂಡು ತಿಂಗಳುಗಟ್ಟಲೆ ಬ್ರಷ್ ಮುಟ್ಟಿಸದೆ ಇರುವವರೂ ಇದ್ದಾರೆ. ನೋವಿಲ್ಲದೆ ಬ್ರಷ್ ಮಾಡಲಿ ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿಸಿದ್ದು!

ಎಷ್ಟು ಉಳಿಯುತ್ತದೆ

ಕುಗ್ಗುತ್ತದೆ, ಇದು ಮೊದಲೇ ಗೊತ್ತಿರಲಿ. ಅಂಗುಳದ ಮೇಲ್ಚರ್ಮದ ಗ್ರಾಫ್ಟ್ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಚಿಕ್ಕದಾಗುತ್ತದೆ. ಇದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ. ಅನುಭವಸ್ಥ ಡಾಕ್ಟರ್‌ಗಳು ಇದನ್ನು ಲೆಕ್ಕ ಹಿಡಿದೇ ದೊಡ್ಡ ತುಂಡು ತೆಗೆಯುತ್ತಾರೆ. ಹಾಗಾಗಿ ಹೊಲಿಗೆ ತೆಗೆದ ದಿನದ ಅಗಲ ನೋಡಿ ಖುಷಿಪಡಬೇಡಿ, ಮೂರು ತಿಂಗಳಾದ ಮೇಲಿನ ಅಳತೆಯೇ ನಿಮ್ಮ ನಿಜವಾದ ಆರಂಭದ ಅಳತೆ.

ಇಳಿದ ಒಸಡನ್ನು ಮತ್ತೆ ಮೇಲೇರಿಸುವ ವಿಷಯದಲ್ಲಿ ಎರಡು ಅಧ್ಯಯನ ಪಕ್ಕಪಕ್ಕ ಇಟ್ಟು ನೋಡಬೇಕು. 2008ರಲ್ಲಿ ಬುರ್ಖಾರ್ಟ್ ತಂಡ 10 ರೋಗಿಗಳಲ್ಲಿ ಒಳಪದರದ ಗ್ರಾಫ್ಟ್ ಹಾಕಿ ಒಸಡು ಮೇಲೆಳೆದು ಮುಚ್ಚಿತು. ಒಂದು ತಿಂಗಳಿಗೆ ಸರಾಸರಿ 75% ಮುಚ್ಚಿತ್ತು, ಆರು ತಿಂಗಳಿಗೆ 66%ಕ್ಕೆ ಇಳಿಯಿತು. 2013ರಲ್ಲಿ ಜುಕ್ಕೆಲ್ಲಿ ತಂಡ ಇಂಥದ್ದೇ ಗ್ರಾಫ್ಟ್ ಮಾಡಿತು, ಆದರೆ ಮೊದಲು ಕ್ಯಾಪ್ ತೆಗೆದು, ಅಬಟ್‌ಮೆಂಟ್ ಸಣ್ಣ ಮಾಡಿ, ಒಸಡು ತಾನಾಗಿ ತುಂಬಿಕೊಳ್ಳಲು ಬಿಟ್ಟು, ಆಮೇಲೆ ಆಪರೇಷನ್ ಮಾಡಿ, ಕೊನೆಗೆ ಹೊಸ ಕ್ಯಾಪ್ ಕೊಟ್ಟಿತು. ವರ್ಷದ ಮೇಲೆ ಸರಾಸರಿ 96% ಮುಚ್ಚಿತ್ತು. ಅಂಗುಳದಿಂದ ತೆಗೆದದ್ದು ಒಂದೇ ಬಗೆಯ ಅಂಗಾಂಶ. ಜಾಗ ಕೊಟ್ಟದ್ದು ಕ್ಯಾಪ್. ಉಬ್ಬಿದ ಕ್ಯಾಪ್ ಒಸಡನ್ನು ಕೆಳಗೆ ತಳ್ಳುತ್ತಲೇ ಇರುತ್ತದೆ, ಹಾಗೇ ಬಿಟ್ಟು ಎಷ್ಟು ಸಲ ಗ್ರಾಫ್ಟ್ ಮಾಡಿದರೂ ಅಷ್ಟೇ. ನಿಮಗೆ ಗ್ರಾಫ್ಟ್ ಹೇಳಿದವರು ಕ್ಯಾಪ್ ಬಗ್ಗೆ ಏನೂ ಹೇಳದಿದ್ದರೆ ನೀವೇ ಕೇಳಿ.

ಸಿಮೆಂಟ್ ಹಾಕಿ ಅಂಟಿಸಿದ ಕ್ಯಾಪ್‌ನದು ಇನ್ನೊಂದು ತಲೆನೋವು. 2009ರಲ್ಲಿ ವಿಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ, ಸುತ್ತ ರೋಗದ ಲಕ್ಷಣ ಇದ್ದ ಸಿಮೆಂಟ್ ಮಾದರಿಯ ಇಂಪ್ಲಾಂಟ್‌ಗಳಲ್ಲಿ 81% ಕಡೆ ಒಸಡಿನ ಕೆಳಗೆ ಹೆಚ್ಚುವರಿ ಸಿಮೆಂಟ್ ಸಿಕ್ಕಿತ್ತು. ಗ್ರಾಫ್ಟ್ ಮಾಡಿಸಿದ ಮೇಲೂ ಒಂದು ಕಡೆ ರಕ್ತ ನಿಲ್ಲುತ್ತಿಲ್ಲ ಅಂದರೆ ಗ್ರಾಫ್ಟ್ ಬಯ್ಯುವ ಮೊದಲು ಸಿಮೆಂಟ್ ಹುಡುಕಿಸಿ.

ದಿನಾ, ತಿಂಗಳು, ವರ್ಷ

ಮೃದು ಬ್ರಷ್ ಅನ್ನು ಒಸಡಿನ ಅಂಚಿಗೆ ವಾಲಿಸಿ ಹಿಡಿದು ಸಣ್ಣದಾಗಿ ಆಡಿಸಿ, ತಿಕ್ಕಬೇಡಿ. ಕ್ಯಾಪ್‌ನ ಹಿಂಬದಿಗೆ ಒಂದೇ ಗೊಂಚಲಿನ ಸಣ್ಣ ಬ್ರಷ್ ಇಟ್ಟುಕೊಳ್ಳಿ. ಹಲ್ಲಿನ ಸಂದಿಗೆ ಪ್ಲಾಸ್ಟಿಕ್ ಹೊದಿಸಿದ ತಂತಿಯ ಇಂಟರ್‌ಡೆಂಟಲ್ ಬ್ರಷ್. ಬರೀ ತಂತಿ ಆದರೆ ಇಂಪ್ಲಾಂಟ್ ಗೀರುತ್ತದೆ. ಇಂಪ್ಲಾಂಟ್‌ನ ಒರಟು ಭಾಗ ಹೊರಗೆ ಕಾಣುತ್ತಿದ್ದರೆ ಅಲ್ಲಿ ಫ್ಲಾಸ್ ದಾರ ಬೇಡ. ದಾರದ ಎಳೆ ಸಿಕ್ಕಿಕೊಂಡು ಅದರಿಂದಲೇ ಉರಿಯೂತ ಆದ ಪ್ರಕರಣಗಳು ವರದಿಯಾಗಿವೆ.

ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಿ. ಮೊದಲೇ ಒಸಡು ರೋಗದಿಂದ ಹಲ್ಲು ಕಳೆದುಕೊಂಡವರು, ಸಕ್ಕರೆ ಕಾಯಿಲೆಯವರು ಮೂರಕ್ಕೇ ಹೋಗಿ. ಪ್ರತಿ ಸಲ ಹಗುರವಾಗಿ ಪ್ರೋಬ್ ಇಟ್ಟು ಆಳ ಅಳೆದು, ರಕ್ತ ಬಂತಾ ಅಂತ ಬರೆದುಕೊಳ್ಳಬೇಕು. ಇಂಪ್ಲಾಂಟ್‌ಗೆ ಪ್ರೋಬ್ ಹಾಕಬಾರದು ಅನ್ನುವ ಹಳೆಯ ನಂಬಿಕೆ ಬಿಟ್ಟುಬಿಡಿ, ಹಾಕದೆ ಗೊತ್ತಾಗುವುದು ತಡವಾಗಿ. ಹಳೆಯ ಅಳತೆ, ಎಕ್ಸ್‌ರೇ ಏನೂ ಇಲ್ಲದವರಿಗೆ 2017ರ ಆ ಸಭೆಯ ಒಂದು ಗುರುತು ಇದೆ: ರಕ್ತದ ಜೊತೆಗೆ ಆಳ 6 ಮಿಲಿಮೀಟರ್ ಅಥವಾ ಜಾಸ್ತಿ, ಮೂಳೆ 3 ಮಿಲಿಮೀಟರ್ ಅಥವಾ ಜಾಸ್ತಿ ಇಳಿದಿದ್ದರೆ ಅದು ಪೆರಿಇಂಪ್ಲಾಂಟೈಟಿಸ್, ಅಂದರೆ ಇಂಪ್ಲಾಂಟ್ ಸುತ್ತಲಿನ ಮೂಳೆ ತಿನ್ನುವ ಸೋಂಕು. ಅದಕ್ಕೆ ಚಿಕಿತ್ಸೆ ಬೇರೆ. ಅಲ್ಲಿ ಮೊದಲು ಸೋಂಕು, ಆಮೇಲೆ ಒಸಡು.

ಫೋಟೋ ತೆಗೆದಿಡುವ ಅಭ್ಯಾಸ ಮಾಡಿಕೊಳ್ಳಿ. ಒಸಡು ಇಳಿಯುವುದು ಎಷ್ಟು ನಿಧಾನ ಅಂದರೆ ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಗ್ರಾಫ್ಟ್ ಆಗಿ ಮೂರು ತಿಂಗಳಿಗೆ ಒಂದು, ಆಮೇಲೆ ಆರು ತಿಂಗಳಿಗೊಮ್ಮೆ, ಅದೇ ಬೆಳಕು, ಅದೇ ಕೋನ, ಪಕ್ಕದ ಹಲ್ಲೂ ಕಾಣುವ ಹಾಗೆ. ಪಕ್ಕದ ಹಲ್ಲಿನ ಒಸಡಿನ ಅಂಚೇ ನಿಮ್ಮ ಅಳತೆಗೋಲು.

ಅದರ ಜೊತೆಗೇ ಇಂಪ್ಲಾಂಟ್‌ನ ಕಂಪನಿ, ಮಾದರಿ, ಉದ್ದ, ವ್ಯಾಸ, ಕ್ಯಾಪ್ ಸ್ಕ್ರೂದ್ದೋ ಸಿಮೆಂಟ್‌ದ್ದೋ, ಹಾಕಿದ ತಾರೀಖು, ಕ್ಯಾಪ್ ಹಾಕಿದ ದಿನದ ಎಕ್ಸ್‌ರೇ, ಇಷ್ಟನ್ನೂ ಬರೆಸಿಕೊಂಡು ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ನೀವು ಬೇರೆ ಊರಲ್ಲಿರಬಹುದು, ಆ ಕ್ಲಿನಿಕ್ ಮುಚ್ಚಿರಬಹುದು. ಎಷ್ಟೋ ಕಂಪನಿಗಳ ಸ್ಕ್ರೂ ಬಿಚ್ಚುವ ಡ್ರೈವರ್ ಬೇರೆ ಬೇರೆ. ಯಾವುದು ಅಂತ ಗೊತ್ತಿಲ್ಲದೆ ಹೊಸ ಡಾಕ್ಟರ್ ನಿಮ್ಮ ಕ್ಯಾಪ್ ಬಿಚ್ಚಲು ಪರದಾಡಬೇಕಾಗುತ್ತದೆ.